ಕರೆಯದೆ ಒಳಗೆ ಬರುವವಳು

ಜೂನ್ 3, ಮಂಗಳವಾರ

ಇವತ್ತೂ ಅಭ್ಯಾಸ. ನಾನು ಕಿವಿ ಮೆಷಿನ್ ಅಂಗಡಿ ಕೆಲಸ ಮುಗಿಸಿ ಬರುವ ಹೊತ್ತಿಗೆ ಭಾವ ಸ್ಕೂಲ್ ವ್ಯಾನ್ ತೊಳೆದು ನಿಲ್ಲಿಸಿ, ಟಿವಿ ಮುಂದೆ ಎರಡೂ ಗುಂಡಿ ಬೋರ್ಡ್ ಜೋಡಿಸಿ ಕೂತಿದ್ದರು. ಅಕ್ಕ ಅಡುಗೆಮನೆಯಿಂದಲೇ, "ಇವ್ರು ಮದ್ವೆ ಆಗಿದ್ದು ನನ್ನನ್ನೋ, ಆ ಟಿವಿನೋ?" ಎಂದಳು. ಭಾವ, "ಟಿವಿ ಇಷ್ಟು ಮಾತಾಡಲ್ಲ" ಎಂದರು. ಸೌಟು ಹಾರಿ ಬರುವುದೊಂದು ಬಾಕಿ.

ಅಂಗಡಿಯ ಮೇಡಂ ಇವತ್ತು ಕೇಳಿಯೇ ಬಿಟ್ಟರು — ದಿನಾ ಸಂಜೆ ಅಷ್ಟು ಅವಸರ ಮಾಡಿ ಓಡುತ್ತೀಯಲ್ಲ, ಯಾರವನು? ಯಾರೂ ಇಲ್ಲ ಮೇಡಂ, ಹೊಡೆದಾಟ ಎಂದೆ. ಬಾಯಿ ಬಿಟ್ಟುಕೊಂಡು ನೋಡಿದರು. ಬಿಡಿಸಿ ಹೇಳಬೇಕಾಯಿತು. "ವಿಡಿಯೋ ಗೇಮು ಮೇಡಂ. ಇಬ್ರಿಗೆ ಇಬ್ರು. ಒಬ್ರು ಒಳಗೆ ಹೊಡೆದಾಡ್ತಿದ್ರೆ ಇನ್ನೊಬ್ರು ಹೊರಗೆ ಕಾಯ್ಬೇಕು. ಒಳಗಿರೋರು ಕರೆದ್ರೆ ಹೊರಗಿರೋರು ಗುಂಡಿ ಒತ್ತಿ ಒಳಗೆ ಬರ್ಬೇಕು."

"ಕರೀದೆ ಬಂದ್ರೆ?"

"ಬರ್ಬಹುದು. ಆದ್ರೆ ಜೋಡಿದು ಅರ್ಧ ಶಕ್ತಿ ಹೋಗತ್ತೆ."

"ಥೇಟ್ ನಮ್ಮತ್ತೆ," ಎಂದರು ಮೇಡಂ.

ಭಾವನಿಗೆ ಹೇಳಿದೆ. ನಕ್ಕು ನಕ್ಕು ಒಂದು ಆಟ ಸೋತರು.

ಜೂನ್ 7, ಶನಿವಾರ

ಗೇಮ್ ಸೆಂಟರಿನಲ್ಲಿ ಪಂದ್ಯ. ಮೂರು ಜೋಡಿಗಳನ್ನು ಮಣ್ಣು ಮುಕ್ಕಿಸಿದೆವು. ಖುಷಿ.

ಮೊದಮೊದಲು ನಾವು ಸೋಲುತ್ತಿದ್ದುದು ನನ್ನ ಮರ್ಯಾದೆಯಿಂದ. ಭಾವ ನನ್ನನ್ನು "ಬಾ" ಎಂದು ಕರೆಯುತ್ತಾರೆ, ಚಿಟಿಕೆ ಹೊಡೆಯುವುದರಲ್ಲಿ ಮುಗಿಯುತ್ತದೆ. ನಾನು "ಬನ್ನಿ ಭಾವ" ಎನ್ನುವಷ್ಟರಲ್ಲಿ ಎದುರಿನವನು ಎರಡು ಏಟು ಹಾಕಿರುತ್ತಿದ್ದ. ಕೊನೆಗೆ ಅವರೇ ತಲೆ ಚಚ್ಚಿಕೊಂಡು, "ಏ ಮೆಣಸಿನಕಾಯಿ, ಮರ್ಯಾದೆ ಎಲ್ಲ ಊಟಕ್ಕೆ ಕೂತಾಗ ಕೊಡು, ಆಟದಲ್ಲಿ ಬಾ ಅನ್ನು" ಎಂದರು. ಅವತ್ತು ನಾನು "ಬಾ!" ಎಂದು ಕಿರುಚಿದ್ದು ಕೇಳಿ ಅಕ್ಕ ಬಾಗಿಲಿಗೆ ಬಂದು ನಿಂತಿದ್ದಳು. ಈಗಲೂ ಅವಳಿಗೆ ಅದು ರುಚಿಸಿಲ್ಲ. ಆದರೆ ಅಲ್ಲಿಂದ ಗೆಲ್ಲತೊಡಗಿದೆವು.

ಇವತ್ತು ಕೊನೆಯ ಆಟದಲ್ಲಿ ಒಂದು ತಮಾಷೆ. ಭಾವ ಒಳಗಿದ್ದರು. ಪಕ್ಕದಲ್ಲಿ ಅವರ ಗುಂಡಿಗಳ ಟಕಟಕ ಇದ್ದಕ್ಕಿದ್ದಂತೆ ನಿಂತಿತು. ಅವರು ಕರೆದಿರಲಿಲ್ಲ. ನಾನೇ ನುಗ್ಗಿದೆ. ಅರ್ಧ ಶಕ್ತಿಯಲ್ಲೇ ಗೆದ್ದೆ. ಜನ ಚಪ್ಪಾಳೆ. ಭಾವ ನನ್ನ ತಲೆ ಸವರಿ, "ಕರೆದ ತಕ್ಷಣ ಬಂದೆ ನೋಡು!" ಎಂದರು.

ಕರೆದಿರಲಿಲ್ಲ. ಇರಲಿ, ಗೆದ್ದೆವಲ್ಲ.

ಜೂನ್ 14, ಶನಿವಾರ

ಮತ್ತೆ. ಒಂದೇ ಸಂಜೆಯಲ್ಲಿ ಎರಡು ಸಲ.

ಈಗ ನನಗೆ ರೂಢಿಯಾಗಿದೆ. ಪರದೆ ನೋಡುವುದು ಕಣ್ಣಿನ ಕೆಲಸ, ಕಿವಿ ಪೂರ್ತಿ ಅವರ ಬೋರ್ಡಿನ ಮೇಲೆ. ಟಕಟಕ ನಿಂತರೆ ನಾನು ಒಳಗೆ. ಬೆರಳು ತಾನಾಗಿಯೇ ಹೋಗುತ್ತದೆ. ಎದುರಿನವರಿಗೆ ಗೊತ್ತಾಗುವುದಿಲ್ಲ. ಭಾವನಿಗೂ ಗೊತ್ತಾಗುವುದಿಲ್ಲ — ಅದೇ ಯಾಕೋ ಸರಿಯೆನಿಸುತ್ತಿಲ್ಲ.

"ನಿದ್ದೆ ಸರಿಯಾಗ್ತಿಲ್ವಾ ಭಾವ?"

"ಬೆಳಗ್ಗೆ ಐದಕ್ಕೇಳೋನಿಗೆ ನಿದ್ದೆ ಬರದೆ ಏನು? ಹಾಸಿಗೆ ಕಂಡ್ರೆ ಸಾಕು, ಕೊರಡು."

ಗೇಮ್ ಸೆಂಟರ್ ಅಣ್ಣ, "ನಿಮ್ಮಿಬ್ರಿಗೂ ಸೇರಿ ಒಂದೇ ತಲೆ ಕೊಟ್ಟಿದಾನೆ ದೇವ್ರು" ಎಂದ. ಹೆಮ್ಮೆಯಾಯಿತು. ಮನೆಗೆ ಬರುವವರೆಗೂ ಅದನ್ನೇ ಮೆಲುಕು ಹಾಕಿದೆ.

ಜೂನ್ 15, ಭಾನುವಾರ, ಮಧ್ಯಾಹ್ನ

ಊಟಕ್ಕೆ ಕೂತಾಗ ಭಾವ ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು. ಲೋಟ ತುಂಬಿತು. ಮೇಜು ತುಂಬಿತು. ನೀರು ಅವರ ಮಡಿಲಿಗೆ ಇಳಿಯಿತು. ಅವರು ಬಗ್ಗಿಸುತ್ತಲೇ ಇದ್ದರು, ಕಣ್ಣು ತೆರೆದೇ ಇತ್ತು.

"ಯಾವ ಲೋಕದಲ್ಲಿದೀರ್ರೀ?" ಎಂದು ಅಕ್ಕ ಜಗ್ ಕಸಿದಳು. ಆಮೇಲೆ ಅವರು ಒದ್ದೆ ಪ್ಯಾಂಟು ನೋಡಿಕೊಂಡು, "ಯಾರು ಚೆಲ್ಲಿದ್ದು?" ಎಂದರು.

ಪುಟ್ಟಿ ಬಿದ್ದು ಬಿದ್ದು ನಕ್ಕಳು. "ಅಪ್ಪ ಸ್ಟ್ಯಾಚೂ ಆದ್ರು! ಚಿಕ್ಕಮ್ಮ, ವ್ಯಾನಲ್ಲೂ ಆಗ್ತಾರೆ ಗೊತ್ತಾ. ಸಿಗ್ನಲ್ ಹಸಿರಾದ್ರೂ ಹೋಗಲ್ಲ. ನಾವೆಲ್ಲ ಸೇರಿ ಹೋ ಅಂತ ಕೂಗ್ತೀವಿ. ಸಖತ್ ಮಜಾ."

ಅಕ್ಕ ನೆಲ ಒರೆಸುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ. ನಾನು ತಟ್ಟೆ ಸರಿಸಿ ಎದ್ದೆ.

ಜೂನ್ 24, ಮಂಗಳವಾರ

ಬರೆಯಲು ಮನಸ್ಸಾಗಲಿಲ್ಲ ಇಷ್ಟು ದಿನ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ.

ಫೈನಲ್ ತಲುಪಿದ್ದೇವೆ. ಎದುರಿಗೆ ಜೋಡೆತ್ತು — ಅವಳಿ ಅಣ್ಣತಮ್ಮಂದಿರು, ಊರವರೇ ಇಟ್ಟ ಹೆಸರು. ಗೆದ್ದವರು ದೊಡ್ಡ ಪಂದ್ಯಕ್ಕೆ. ಭಾವ ಎಳೆ ಹುಡುಗನ ಹಾಗೆ ಆಡುತ್ತಿದ್ದಾರೆ. ಅಂಗಿ ಕೂಡ ಆರಿಸಿಟ್ಟಿದ್ದಾರೆ.

ವ್ಯಾನಿನ ಮಾತೆತ್ತಲು ಹೋದೆ, ಎರಡು ಸಲ. ಎರಡು ಸಲವೂ ನಾಲಿಗೆ ಒಳಗೇ ಮಡಚಿಕೊಂಡಿತು. ಹೇಳಿದರೆ ಆಟ ನಿಲ್ಲುತ್ತದೆ. ಲೈಸೆನ್ಸ್ ಹೋಗುತ್ತದೆ. ಫೈನಲ್ ಒಂದು ಮುಗಿಯಲಿ ಎಂದುಕೊಂಡೆ.

ಆ ವ್ಯಾನಿನಲ್ಲಿ ಪುಟ್ಟಿ ಇರುತ್ತಾಳೆ. ಪುಟ್ಟಿಯಂಥವರೇ ಇನ್ನೂ ಒಂದು ಹಿಂಡು ಇರುತ್ತಾರೆ. ನನಗೆ ಕಪ್ ಬೇಕು. ಥೂ ನನ್ನ ಜನ್ಮಕ್ಕೆ.

ಜುಲೈ 3, ಗುರುವಾರ

ವ್ಯಾನಿನ ಎಡಮಗ್ಗುಲು ಉದ್ದಕ್ಕೆ ತರಚಿದೆ. ಹಳದಿ ಬಣ್ಣ ಕಿತ್ತು ತಗಡು ಕಾಣುತ್ತಿದೆ. ಭಾವ, "ಕಂಬನೇ ಅಡ್ಡ ಬಂತು, ನಾನೇನ್ ಮಾಡ್ಲಿ" ಎಂದು ನಗಿಸಲು ನೋಡಿದರು. ಅಕ್ಕ ನಕ್ಕಳು. ನಾನು ನಗಲಿಲ್ಲ.

ಅವರು ಸ್ನಾನಕ್ಕೆ ಹೋದಾಗ ಅಕ್ಕನನ್ನು ಹಿತ್ತಲಿಗೆ ಕರೆದೆ. ಎಲ್ಲ ಹೇಳಿದೆ. ನೀರಿನ ಜಗ್, ಸಿಗ್ನಲ್, ನಿಂತುಹೋಗುವ ಗುಂಡಿಗಳು. ಅವಳು ಬಟ್ಟೆ ಹಿಂಡುತ್ತಲೇ ಇದ್ದಳು.

"ಮದ್ವೆಗೆ ಮುಂಚಿಂದ್ಲೂ ಹಾಗೇ ಕಣೆ. ಯೋಚ್ನೆ ಜಾಸ್ತಿ."

"ಯೋಚ್ನೆ ಅಲ್ಲ ಅಕ್ಕ. ಆಗ ಅವ್ರು ಅಲ್ಲಿ ಇರೋದೇ ಇಲ್ಲ."

"ನೀನು ಆ ಹಾಳು ಗೇಮ್ ಆಡಿ ಆಡಿ ತಲೆ ಕೆಡಿಸ್ಕೊಂಡಿದೀಯ. ವ್ಯಾನು ಓಡಿದ್ರೆ ಮನೆ ಓಡತ್ತೆ. ಅಪಶಕುನ ನುಡೀಬೇಡ."

ಮಾತಿಗೆ ಬಗ್ಗುವವಳಲ್ಲ. ಕಣ್ಣಾರೆ ನೋಡಬೇಕು. ಭಾವನೂ ನೋಡಬೇಕು.

ಫೈನಲ್‌ಗೆ ಇಡೀ ಮನೆ ಬರುತ್ತದೆ. ನಾಡಿದ್ದು ಟಕಟಕ ನಿಂತರೆ ನಾನು ಒಳಗೆ ಹೋಗುವುದಿಲ್ಲ.

ಜುಲೈ 5, ಶನಿವಾರ

ಹೋಗಲಿಲ್ಲ.

ಒಂದು ಆಟ ನಾವು, ಒಂದು ಅವರು. ಮೂರನೆಯದರಲ್ಲಿ ಭಾವ ಹುಲಿಯಾಗಿದ್ದರು. ಜೋಡೆತ್ತಿನ ಅಣ್ಣನನ್ನು ಮೂಲೆಗೆ ತಳ್ಳಿ ಚಚ್ಚುತ್ತಿದ್ದರು. ಇವತ್ತು ಆಗುವುದೇ ಇಲ್ಲವೇನೋ, ಗೆದ್ದೇ ಬಿಡುತ್ತೇವೇನೋ ಎಂದು ಆಸೆಯಾಯಿತು. ಆಗ ಸದ್ದು ನಿಂತಿತು.

ಬೆರಳು ಹಾರಿತು. ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಅದರ ಮೇಲೆ ಕೂತೆ. ಪರದೆಯಲ್ಲಿ ನಮ್ಮವನು ಕೈ ಇಳಿಬಿಟ್ಟು ನಿಂತಿದ್ದ. ಎದುರಿನವನು ಮೊದಲು ಅನುಮಾನಿಸಿದ, ಏನೋ ಹೂಟ ಇರಬೇಕೆಂದು. ಆಮೇಲೆ ಹೊಡೆದ. ಹೊಡೆಯುತ್ತಲೇ ಹೋದ. ಜನ ಹೋ ಎಂದರು. ಎಲ್ಲ ಮುಗಿದ ಮೇಲೆ ಭಾವನ ಬೆರಳು ಮತ್ತೆ ಆಡತೊಡಗಿತು, ಸತ್ತವನ ಪರವಾಗಿ.

"ಯಾಕೆ ಬರ್ಲಿಲ್ಲ?"

"ನೀವು ಕರೀಲಿಲ್ಲ."

"ಕರ್ದೆ ಕಣೇ! ಎರಡು ಸಲ ಕರ್ದೆ. ಬಾ ಬಾ ಅಂದೆ."

ಸುಳ್ಳು ಹೇಳುವ ಮುಖವಲ್ಲ ಅದು. ನಿಜವಾಗಿ ಕರೆದಿದ್ದೇನೆ ಎಂದೇ ನಂಬಿದ್ದಾರೆ. ವಾಪಸ್ ಬರುವಾಗ ವ್ಯಾನಿನಲ್ಲಿ ನಾನು ದಾರಿಯುದ್ದಕ್ಕೂ ಅವರ ಕೈಯನ್ನೇ ನೋಡುತ್ತಿದ್ದೆ.

ಜುಲೈ 6, ಭಾನುವಾರ

ಗೇಮ್ ಸೆಂಟರ್ ಅಣ್ಣ ವಿಡಿಯೋ ಕಳಿಸಿದ. ಪರದೆಯ ಮೂಲೆಯಲ್ಲಿ ನಮ್ಮಿಬ್ಬರ ಮುಖವೂ ಇದೆ. ಪುಟ್ಟಿಯನ್ನು ಆಟಕ್ಕೆ ಕಳಿಸಿ ಮೂವರೂ ನೋಡಿದೆವು.

ಭಾವನ ತುಟಿ ಆಡುತ್ತಿದೆ. ಕರೆಯುವ ಹಾಗಲ್ಲ. ಏನನ್ನೋ ಅಗಿಯುವ ಹಾಗೆ. ಬಾಯಲ್ಲಿ ಏನೂ ಇಲ್ಲ. ಕಣ್ಣು ತೆರೆದಿದೆ, ಒಳಗೆ ಯಾರೂ ಇಲ್ಲ. ಪಕ್ಕದಲ್ಲಿ ನಾನು ಕೈ ಮೇಲೆ ಕೂತುಕೊಂಡು ಕಾಯುತ್ತಿದ್ದೇನೆ. ನನ್ನ ಮುಖ ನೋಡಲಾಗಲಿಲ್ಲ.

"ಇದು ನಾನಲ್ಲ," ಎಂದರು ಭಾವ. ಅಕ್ಕ ಟಿವಿ ಆರಿಸಿದಳು.

"ಎಷ್ಟು ದಿನದಿಂದ ಗೊತ್ತು ನಿಂಗೆ?" ಎಂದರು ಭಾವ.

ಹೇಳಿದೆ.

"ಮತ್ತೆ ನೀನೇ ಬಂದು ಬಂದು ಮುಚ್ಚಿದೆ. ನಂಗೂ ಗೊತ್ತಾಗ್ದಂಗೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಅಕ್ಕ ಎದ್ದು ಹೋಗಿ ಡಾಕ್ಟರಿಗೆ ಫೋನ್ ಮಾಡಿ ಬಂದಳು. ನಂತರ ಅವಳ ಬಾಯಿಂದ ಬಂದ ಮಾತನ್ನು ನಾನು ಕನಸಿನಲ್ಲೂ ನೆನೆಸಿರಲಿಲ್ಲ. "ಡಾಕ್ಟ್ರು ಹದಿನೈದಕ್ಕೆ ನೋಡ್ತಾರಂತೆ. ಅಲ್ಲೀವರೆಗೆ ನೀನು ಮುಂದಿನ ಸೀಟಲ್ಲಿ ಕೂತ್ಕೋ. ಹೇಗೂ ವ್ಯಾನಿನ ಆಯಾ ಬಿಟ್ಟು ಹೋಗಿದಾಳೆ. ಆಟದಲ್ಲಿ ನೋಡ್ಕೊಂಡ್ಯಲ್ಲ, ಹಾಗೇ ನೋಡ್ಕೋ."

"ಅಕ್ಕ, ಅಲ್ಲಿ ಸೋತ್ರೆ ಮತ್ತೆ ಶುರು ಮಾಡ್ಬಹುದು."

"ಸ್ಕೂಲಿಗೆ ಹೇಳಿದ್ರೆ ನಾನು ನಿನ್ನ ಅಕ್ಕನೇ ಅಲ್ಲ. ಹೇಳು, ಆಗತ್ತಾ ಇಲ್ವಾ?"

ಭಾವ ನನ್ನ ಕಡೆ ನೋಡಿದರು. ಪಂದ್ಯಕ್ಕೆ ಮುಂಚೆ ನೋಡುವ ಹಾಗೇ. ನಾನು "ಆಗತ್ತೆ" ಎಂದುಬಿಟ್ಟೆ. ಯೋಚಿಸಲೇ ಇಲ್ಲ. ಆಗುವುದಿಲ್ಲ ಎಂದು ಹೇಳಿ ಅಭ್ಯಾಸವೇ ಇಲ್ಲ ನನಗೆ.

ಜುಲೈ 7, ಸೋಮವಾರ

ಅಂಗಡಿಯ ಮೇಡಂ ಹತ್ತೂವರೆಗೆ ಬಂದರೆ ಸಾಕು ಎಂದರು. ಮಧ್ಯಾಹ್ನ ಒಂದು ಗಂಟೆ ಬಿಡುವನ್ನೂ ಕೊಟ್ಟರು. ಅಕ್ಕನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿದ್ದೇನೆ.

ಮಕ್ಕಳಿಗೆ ನಾನು "ಹೊಸ ಆಯಾ ಆಂಟಿ". ಹಿಂದಿನ ಸೀಟಿನ ಗದ್ದಲ ಎಂದರೆ ಸಂತೆ. ಇಲ್ಲಿ ಟಕಟಕ ಇಲ್ಲ, ಕಿವಿಯಿಂದ ಏನೂ ಉಪಯೋಗವಿಲ್ಲ. ರೆಪ್ಪೆ ಹೊಡೆಯದೆ ಅವರ ಮುಖ ನೋಡುತ್ತಿರಬೇಕು.

ನೀರಿನ ಟ್ಯಾಂಕಿನ ತಿರುವಿನಲ್ಲಿ ಆಯಿತು. ರಸ್ತೆ ಬಲಕ್ಕೆ ಹೊರಳಿತು, ಅವರ ಕೈ ಹೊರಳಲಿಲ್ಲ. ತುಟಿ ಅಗಿಯುತ್ತಿತ್ತು. ಸ್ಟೀರಿಂಗ್ ಹಿಡಿದು ಎಳೆದೆ. ಮೋರಿಯ ಅಂಚು ಸವರಿಕೊಂಡು ವ್ಯಾನ್ ತಿರುಗಿತು. ಮಕ್ಕಳು ಜೋಕಾಲಿ ಎಂದುಕೊಂಡು ಕೇಕೆ ಹಾಕಿದರು. ಪುಟ್ಟಿ ಮಾತ್ರ ಹಾಕಲಿಲ್ಲ. ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದಳು.

"ಕೈ ಯಾಕೆ ಹಾಕ್ದೆ?" ಎಂದರು ಭಾವ, ಸ್ವಲ್ಪ ಸಿಟ್ಟಿನಿಂದಲೇ.

ಇದನ್ನು ಇನ್ನೆಲ್ಲೂ ಹೇಳಲಾರೆ. ಆ ತಿರುವು ದಾಟಿದಾಗ ನನಗೆ ಗೆದ್ದ ಹಾಗೆ ಅನಿಸಿತು. ಕಪ್ ಗೆದ್ದ ಹಾಗೆ.

ಜುಲೈ 8, ಮಂಗಳವಾರ

ಇವತ್ತು ಏನೂ ಆಗಲಿಲ್ಲ. ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ಅಕ್ಕ ಪಾಯಸ ಮಾಡಿದಳು. "ಡಾಕ್ಟ್ರಿಗೆ ಮುಂದಿನ ತಿಂಗ್ಳು ಹೋದ್ರಾಯ್ತು, ಫೋನ್ ಮಾಡಿ ಹೇಳ್ಬಿಟ್ಟೆ. ನೀನಿದ್ದೀಯಲ್ಲ" ಎಂದಳು. ಭಾವ ಪಾಯಸ ಬಡಿಸಿಕೊಂಡರು.

ನೀನಿದ್ದೀಯಲ್ಲ. ಇದೇ ಮಾತಿನಿಂದ ಇಷ್ಟೆಲ್ಲ ಆಗಿದ್ದು. ನಾನು ಇಲ್ಲದಿದ್ದರೆ ಮೊದಲ ವಾರವೇ ಸೋತು, ಎಲ್ಲರಿಗೂ ಗೊತ್ತಾಗಿ, ಇಷ್ಟು ಹೊತ್ತಿಗೆ ಮದ್ದು ನಡೆಯುತ್ತಿತ್ತು.

ಸ್ಟೀರಿಂಗ್ ನನ್ನ ಕೈಗೆ ಎಟುಕುತ್ತದೆ. ಬ್ರೇಕ್ ಅವರ ಕಾಲಿನ ಕೆಳಗಿದೆ. ಇದು ಇವತ್ತು ಹೊಳೆಯಿತು, ಪಾಯಸ ತಿನ್ನುವಾಗ.

ನಾಳೆ ಸ್ಕೂಲಿಗೆ ಹೇಳುತ್ತೇನೆ. ಅಕ್ಕ ಮುಖ ನೋಡದಿದ್ದರೆ ಬೇಡ. ನಾಳೆ ಮಕ್ಕಳನ್ನು ಇಳಿಸಿ, ನೇರ ಆಫೀಸಿಗೆ.

ಜುಲೈ 9, ಬುಧವಾರ, ಬೆಳಗ್ಗೆ

ವ್ಯಾನಿನಲ್ಲೇ ಬರೆಯುತ್ತಿದ್ದೇನೆ. ವ್ಯಾನ್ ಅದುರುತ್ತಿದೆ, ಅಕ್ಷರ ಸೊಟ್ಟ. ಇದೊಂದೇ ಮನೆ ಬಾಕಿ, ಇಳಿಜಾರಿನ ಮೇಲ್ತುದಿಯದು, ವ್ಯಾನಿನ ಮೂತಿ ಇಳಿಜಾರಿಗೆ. ಹುಡುಗ ಶೂ ಹಾಕಿಕೊಳ್ಳುತ್ತಿದ್ದಾನಂತೆ. ಅವನ ಅಜ್ಜಿ ಗೇಟಿನಿಂದ ಕೈ ಬೀಸಿ "ಒಂದೇ ನಿಮಿಷ" ಎಂದರು. ಇಂಜಿನ್ ಆನ್ ಇದೆ. ಭಾವ ಬ್ರೇಕ್ ತುಳಿದುಕೊಂಡು ರಸ್ತೆ ನೋಡುತ್ತಿದ್ದಾರೆ. ಮಕ್ಕಳು ಹಿಂದೆ ಹಾಡು ಹೇಳುತ್ತಿದ್ದಾರೆ, ಒಬ್ಬೊಬ್ಬರದು ಒಂದೊಂದು ರಾಗ.

ನಿಂತ ಗಾಡಿ ತಾನೇ, ಒಂದು ನಿಮಿಷ ಕಣ್ಣು ಕೆಳಗಿಳಿಸಿದರೆ ಪರವಾಗಿಲ್ಲ. ಆಫೀಸಿನಲ್ಲಿ ಹೇಗೆ ಹೇಳುವುದು, ಬರೆದು ನೋಡುತ್ತೇನೆ. ಇಲ್ಲದಿದ್ದರೆ ಅಲ್ಲಿ ಹೋಗಿ ಬಾಯಿ ಕಟ್ಟುತ್ತದೆ. ಮೇಡಂ, ನಮ್ಮ ಭಾವ ಒಳ್ಳೆಯವರು. ಅವರ ತಪ್ಪಲ್ಲ. ಆದರೆ ಇವತ್ತಿನಿಂದ ಅವರು ವ್ಯಾನ್ ಓಡಿಸುವುದು ಬೇ—

ಹುಡುಗ ಬಂದ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಿದ್ದಾನೆ, ಬಾಗಿಲು ಇನ್ನೂ ತೆರೆದೇ ಇದೆ, ಮತ್ತೆ ಗೇಟು ಯಾಕೆ ಹಿಂದಕ್ಕೆ ಹೋ