ಅಮ್ಮ ತಿನ್ನದ ಐಸ್‌ಕ್ರೀಮ್

೧೪ ನವೆಂಬರ್, ಶುಕ್ರವಾರ. ಸರೋಜಿನಿ ನಗರ.

ಇವತ್ತು ಆಸ್ಪತ್ರೆಯಲ್ಲಿ ಸಾತ್ವಿಕ್‌ನ ರಕ್ತಪರೀಕ್ಷೆಯ ಫಲಿತಾಂಶ ಸಿಕ್ಕಿತು. ಅವನಿಗೆ ಪದೇ ಪದೇ ನ್ಯುಮೋನಿಯಾ ಬರುವುದು ದೆಹಲಿಯ ಹೊಗೆಯಿಂದಲ್ಲವಂತೆ. ರೋಗಾಣುಗಳೊಡನೆ ಹೋರಾಡುವ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಅವನ ರಕ್ತದಲ್ಲಿ ಬೇಕಾದಷ್ಟಿವೆ. ಆದರೆ ಇನ್ನೊಂದು ಬಗೆಯ ಕೋಶ, ಟಿ ಕೋಶ, ಬಂದು ಮುಟ್ಟಿ ಹೇಳದೆ ಅವು ಬಲವಾದ ಪ್ರತಿಕಾಯ ಮಾಡಲಾರವು. ನನ್ನ ಮಗನ ಟಿ ಕೋಶಗಳಿಗೆ ಮುಟ್ಟುವ ಆ ಕೈಯೇ ಇಲ್ಲ.

"ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುತ್ತೆ. ನಿಮ್ಮ ತವರಲ್ಲಿ ಚಿಕ್ಕ ಹುಡುಗರು ಯಾರಾದ್ರೂ ತೀರಿಕೊಂಡಿದ್ರಾ?" ಎಂದು ಡಾಕ್ಟರ್ ಹಿಂದಿಯಲ್ಲಿ ಕೇಳಿದರು.

ನನ್ನ ಅಣ್ಣ ಇಂದುಶೇಖರನ ಬಗ್ಗೆ ಹೇಳಿದೆ. ನಾನು ಹುಟ್ಟುವ ಮೊದಲೇ, ನಾಲ್ಕನೇ ವಯಸ್ಸಿಗೆ, ನ್ಯುಮೋನಿಯಾದಲ್ಲಿ ಹೋದವನು.

"ಅಚ್ಛಾ," ಎಂದು ಅವರು ಪೆನ್ನು ಕೆಳಗಿಟ್ಟರು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಮೆಂತ್ಯಸೊಪ್ಪು ಬಿಡಿಸುತ್ತಿದ್ದ ಅವಳ ಕೈ ನಿಂತಿತು.

"ಹಾಗಾದ್ರೆ ಇಂದುಶೇಖರ ಹೋಗಿದ್ದು ಅವತ್ತು ನಾನು ಕೊಡಿಸಿದ ಐಸ್‌ಕ್ಯಾಂಡಿಯಿಂದ ಅಲ್ಲ ಅಂತಾನಾ?"

"ಯಾವ ಐಸ್‌ಕ್ಯಾಂಡಿ ಅಮ್ಮಾ?"

ಅವಳು ಮತ್ತೆ ಸೊಪ್ಪು ಬಿಡಿಸತೊಡಗಿದಳು. ಈ ದೋಷ ಅವಳಿಂದ ನನಗೆ, ನನ್ನಿಂದ ಸಾತ್ವಿಕ್‌ಗೆ ಬಂದದ್ದೆಂದೂ ಹೇಳಿದ್ದೆ. ಅದು ಅವಳ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. ಈಗ ಅವನ ಪಕ್ಕದಲ್ಲಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ.

ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ಐಸ್‌ಕ್ರೀಮ್ ಮುಟ್ಟಿದ್ದನ್ನು ಕಂಡಿಲ್ಲ. ಹಲ್ಲು ಜುಮ್ಮೆನ್ನುತ್ತದೆ ಎನ್ನುತ್ತಿದ್ದಳು. ಇಷ್ಟು ವರ್ಷ ನಾನು ಅದನ್ನು ಹಲ್ಲಿನ ತೊಂದರೆಯೆಂದೇ ನಂಬಿದ್ದೆ.