ಗರಿ ಕಟ್ಟಿದ ಗಾಳ

ಸರ್ವಜ್ಞನಾದ ನನ್ನ ಅಣ್ಣನಿಗೆ,

ನೀನು ತೀರಿಹೋಗಿ ಎಂಟು ತಿಂಗಳಾಯಿತು. ಕಣ್ಣೀರು ಹಾಕುತ್ತಾ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಮೀನು ಹಿಡಿಯುವ, ನೀನು ಯಾರಿಗೂ ಮುಟ್ಟಲು ಬಿಡದಿದ್ದ ಆ ಫ್ಲೈ ರಾಡ್ ಈಗ ನನ್ನ ಹತ್ತಿರ ಇದೆ. ಅದನ್ನು ತಿಳಿಸಲಿಕ್ಕೆ ಬರೆಯುತ್ತಿದ್ದೇನೆ, ಅಷ್ಟೇ.

ದುಬೈನ ಊದ್ ಮೇಥಾದಲ್ಲಿ ನಿನ್ನ ಹುಟ್ಟುಹಬ್ಬದ ಊಟದ ದಿನ ನೆನಪಿದೆಯಾ? ನನಗೂ ಕಲಿಸು ಎಂದೆ. ಎಲ್ಲರೆದುರು ನಕ್ಕೆಯಲ್ಲ! "ನಿಂಗೆಂತಕ್ಕೆ ಮಾರಾಯ್ತಿ? ಇದು ಬಂಗುಡೆ ಕ್ಲೀನ್ ಮಾಡಿದ ಹಾಗಲ್ಲ. ತಲೆ ಬೇಕು." ಅಬುಧಾಬಿಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳಿಗೆ ತಲೆ ಬೇಕು! ಗಾಳಕ್ಕೆ ಸಿಗಡಿ ಚುಚ್ಚಿ ಕಡಲ ಬದಿ ಕೂರುವ ನಮ್ಮೂರಿನವರನ್ನು ನೀನು ಭಿಕ್ಷುಕರು ಎನ್ನುತ್ತಿದ್ದೆ. ಫ್ಲೈ ಎಂಬ ಗರಿ ಕಟ್ಟಿದ ಗಾಳದಿಂದ ಮೀನನ್ನು ಮರುಳು ಮಾಡುವವನೇ ಗಂಡಸು, ಉಳಿದವರೆಲ್ಲ...

ನಾನು ಮತ್ತು ಅತ್ತಿಗೆ ನಿಮ್ಮ ಮಿರ್ದಿಫ್ ಮನೆ ಖಾಲಿ ಮಾಡುತ್ತಿದ್ದಾಗ ನಿನ್ನ ಮೀನಿನ ಗೆಳೆಯ ಹಮೀದ್ ಸಹಾಯಕ್ಕೆ ಬಂದ. ಗೋಡೆಯ ಮೇಲಿನ ನಿನ್ನ ಫೋಟೋ ಇಳಿಸುತ್ತಿದ್ದೆ: ಕೈತುಂಬ ಬಾಸ್ ಮೀನು, ಮುಖದ ಮೇಲೆ ಮಹಾರಾಜನ ನಗು. ಹಮೀದ್ ತಲೆ ತಗ್ಗಿಸಿದ. "ಹೇಳ್ಬಾರ್ದು ಅಕ್ಕ. ಆದ್ರೆ ಅದು ಫ್ಲೈಗೆ ಬಿದ್ದದ್ದಲ್ಲ. ಬೀಸಿ ಬೀಸಿ ಸುಸ್ತಾಗಿ, ಕಡೆಗೆ ನನ್ನ ಡಬ್ಬಿಯ ಸಿಗಡಿ ಸಿಕ್ಕಿಸಿದ್ರು. ಯಾರಿಗೂ ಹೇಳ್ಬೇಡ ಅಂದ್ರು."

ಥೂ ನಿನ್ನ! ಆ ಫೋಟೋದ ಕೆಳಗೆ ಕೂತು ಎಷ್ಟು ವರ್ಷ ನಿನ್ನ ಉಪದೇಶ ಕೇಳಿದೆವು? ನಾನು ಗಹಗಹಿಸಿ ನಕ್ಕೆ. ಅತ್ತಿಗೆ ನಗಲಿಲ್ಲ. "ಪ್ರತಿ ಶನಿವಾರ ಹೋಗ್ತಿದ್ರು. ನನ್ನನ್ನು ಒಂದು ದಿನಾನೂ ಕರೀಲಿಲ್ಲ," ಎಂದರು. ರಾಡ್ ಎತ್ತಿ ನನ್ನ ಕಾರಿನಲ್ಲಿ ಹಾಕಿದವರು ಅವರೇ.

ಮೊದಲ ದಿನ ಪಾರ್ಕಿನ ಹುಲ್ಲಿನ ಮೇಲೆ, ಗಾಳದ ಬದಲು ಉಲ್ಲನ್ ತುಂಡು ಕಟ್ಟಿ ಬೀಸಿದೆ. ನಿನ್ನ ಹಾಗೆಯೇ, ಜೋರಾಗಿ. ದಾರ ನನ್ನ ಕುತ್ತಿಗೆಗೇ ಸುತ್ತಿತು. ಮರುದಿನದಿಂದ ಅತ್ತಿಗೆಯೂ ನನ್ನ ಜೊತೆ ಬೀಸತೊಡಗಿದರು. ವಾರ ಕಳೆದ ಮೇಲೆ ಗುಟ್ಟು ತಿಳಿಯಿತು: ಹಿಂದಕ್ಕೆ ಬೀಸಿದ ದಾರ ನೆಟ್ಟಗಾಗುವವರೆಗೆ ಸುಮ್ಮನೆ ಕಾಯಬೇಕು. ನಿನಗೆ ಕಾಯುವುದು ಎಲ್ಲಿ ಗೊತ್ತಿತ್ತು? ಎದುರಿನವರ ಮಾತು ಮುಗಿಯುವ ತನಕವಾದರೂ...

ಹೋದ ಶನಿವಾರ ಬೆಳಿಗ್ಗೆ ಹಮೀದ್ ನನ್ನನ್ನೂ ಅತ್ತಿಗೆಯನ್ನೂ ಅಲ್ ಐನ್ ದಾರಿಯ ಒಂದು ಫಾರ್ಮಿಗೆ ಕರೆದುಕೊಂಡು ಹೋದ. ಅಲ್ಲಿನ ಕೊಳದಲ್ಲಿ ಬಾಸ್ ಸಾಕುತ್ತಾರೆ. ನನ್ನ ಫ್ಲೈ ನೀರಿಗೆ ಬಿದ್ದದ್ದೇ ತಡ, ಮೀನು ಹಾರಿ ಕಚ್ಚಿತು. ಗಾಬರಿಯಲ್ಲಿ ರಾಡ್ ಮೇಲೆತ್ತಿದೆ. ಹೋಯಿತು. "ರಾಡ್ ಎತ್ಬೇಡಿ ಅಕ್ಕ, ಕೈಯಿಂದ ದಾರ ಎಳೀರಿ!" ಎಂದ ಹಮೀದ್. ಸಿಟ್ಟಿನಿಂದ ರಾಡನ್ನು ಅತ್ತಿಗೆಯ ಕೈಗಿಟ್ಟೆ.

ಅವರು ಬೀಸಿದರು. ಕಾದರು. ಜೊಂಡಿನ ಪಕ್ಕ ಫ್ಲೈ ಎಲೆಯ ಹಾಗೆ ಇಳಿಯಿತು. ಎರಡು ಸಲ ದಾರವನ್ನು ಮೆಲ್ಲಗೆ ಜಗ್ಗಿದರು. ನೀರು ಸಿಡಿಯಿತು. ಅವರು ರಾಡ್ ಎತ್ತಲಿಲ್ಲ. ದಾರ ಎಳೆದರು.

ಮೊಣಕಾಲುದ್ದ ನೀರಿಗಿಳಿದು, ಒದ್ದೆ ಸೀರೆಯಲ್ಲಿ, ಆ ಬಾಸ್‌ನ ಕೆಳದವಡೆಗೆ ಹೆಬ್ಬೆರಳು ಹಾಕಿ ಎತ್ತಿ ಅತ್ತಿಗೆ ಕೂಗಿದ ಕೂಗಿಗೆ ಫಾರ್ಮಿನ ಆಳುಗಳೆಲ್ಲ ಓಡಿ ಬಂದರು. ಇಪ್ಪತ್ತೆರಡು ವರ್ಷ ಅವರ ಜೊತೆ ಬಾಳಿದೆಯಲ್ಲ ಅಣ್ಣ, ಅವರಿಗೆ ಅಷ್ಟು ದೊಡ್ಡ ಧ್ವನಿ ಇದೆಯೆಂದು ನಿನಗೆ ಗೊತ್ತಿತ್ತಾ?

ನಿನ್ನ ತಂಗಿ