ಗೂಡುಗಳ ಕಾಲಂನಲ್ಲಿ ‘ಇಲ್ಲ’

ಅಪ್ಪ,

ನೀನು ಮೂವತ್ತು ವರ್ಷ ಹಕ್ಕಿ ಎಣಿಸಿದ ಜೌಗನ್ನು ರಕ್ಷಿತ ಪ್ರದೇಶಗಳ ಪಟ್ಟಿಯಿಂದ ತೆಗೆದಿದ್ದಾರೆ. ಇದನ್ನು ತಿಳಿಸಿದವರು ಅರಣ್ಯ ಇಲಾಖೆ ಕಚೇರಿಯ ಗುಮಾಸ್ತರು. ಬೆಳಿಗ್ಗೆ ಕಾರಣ ಕೇಳಲು ಹೋದಾಗ ನಿನ್ನ ಗಣತಿ ಪುಸ್ತಕವನ್ನೇ ನನ್ನ ಮುಂದೆ ತೆರೆದಿಟ್ಟರು.

“ನೋಡಮ್ಮ, ಕೊನೇ ಗಣತಿ. ಹಾವಕ್ಕಿ ಗೂಡು, ಇಲ್ಲ. ಕೊಕ್ಕರೆ ಗೂಡು, ಇಲ್ಲ. ನಿಮ್ಮಪ್ಪನೇ ಬರೆದಿರೋದು. ಹಕ್ಕೀನೇ ಇಲ್ದಿದ್ಮೇಲೆ ರಕ್ಷಣೆ ಯಾರಿಗೆ, ಸೊಳ್ಳೆಗಾ?”

“ಅದು ಎಣಿಸಿಲ್ಲ ಅಂತ ಸಾರ್, ಹಕ್ಕಿ ಇಲ್ಲ ಅಂತಲ್ಲ.”

“ಹಾಗಂತ ಎಲ್ಲಿದೆ? ತೋರ್ಸಮ್ಮ.”

ಎಲ್ಲೂ ಇರಲಿಲ್ಲ. ಆ ವರ್ಷ ನಿನ್ನ ಮಂಡಿ ಕೈಕೊಟ್ಟಿತ್ತು. ದೋಣಿ ಹತ್ತಲಾಗದೆ, ಒಂದೇ ಒಂದು ಬೆಳಿಗ್ಗೆ ಹೋಗಿ ಬಾ ಎಂದು ನನ್ನನ್ನು ಕೇಳಿದ್ದೆ. ನಾನು ಹೋಗಲಿಲ್ಲ. ಖಾಲಿ ಬಿಟ್ಟರೆ ಪುಸ್ತಕ ವಾಪಸ್ ಬರುತ್ತದೆಂದು ಎಲ್ಲ ಕಾಲಂಗಳಲ್ಲೂ ‘ಇಲ್ಲ’ ಎಂದು ಬರೆದು ನಿನ್ನ ಮುಂದೆ ಹಿಡಿದೆ. “ನೀನು ಬರೆದ್ಮೇಲೆ ನೋಡೋದೇನಿದೆ” ಎಂದು ನೀನು ಓದದೆಯೇ ಸಹಿ ಹಾಕಿದೆ.

ಅಕ್ಷರ ನನ್ನದು ಎಂದು ಗುಮಾಸ್ತರಿಗೆ ಹೇಳಿದೆ. “ಸಹಿ ಅವರದ್ದಲ್ವಾ?” ಎಂದು ಪುಸ್ತಕ ಮುಚ್ಚಿದರು.

ಅಲ್ಲಿಂದ ನೇರ ಜೌಗಿಗೆ ಹೋದೆ. ಜೊಂಡಿನ ಆಚೆಯ ಮರಗಳಲ್ಲಿ ಹಾವಕ್ಕಿ ಗೂಡು ನಲವತ್ತೊಂದಿವೆ. ಎರಡು ಸಲ ಎಣಿಸಿದೆ. ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ಆಕ್ಷೇಪಣೆ ಸಲ್ಲಿಸುವ ಅವಧಿ ಕಳೆದ ತಿಂಗಳೇ ಮುಗಿದಿದೆಯಂತೆ.

ಜೌಗಿನಲ್ಲಿ ಕಟ್ಟಡ ಕಟ್ಟುತ್ತಾರಂತೆ; ನೆಲ ಒಣಗಿಸಲು ಸೋಮವಾರ ಬೆಳಿಗ್ಗೆ ಎಂಟಕ್ಕೆ ತೂಬು ತೆರೆದು ನೀರನ್ನೆಲ್ಲ ಹೊರಬಿಡುತ್ತಾರೆ.